ಮೂರು ದಿನ ಅಂದರೆ ಯಾವತ್ತಿನಿಂದ ಮೂರು ದಿನ?

ಹಳೆ ಕಾರು ಕೊಳ್ಳುವ ಡೀಲರ್ ಒಬ್ಬರ ಲೆಕ್ಕಪತ್ರ ವಿಭಾಗದಲ್ಲಿ ನಾನು ವರ್ಷಗಟ್ಟಲೆ ಕೆಲಸ ಮಾಡಿದ್ದೇನೆ. ಕಾರು ಮಾರಿದವರಿಗೆ ಹಣ ಬಿಡುಗಡೆಯಾಗಲು ಬೇಕಿದ್ದ ಕೊನೆಯ ಸಹಿ ನನ್ನದು. ಆ ಕುರ್ಚಿಯಲ್ಲಿ ಕೂತು ಅತಿ ಹೆಚ್ಚು ಸಲ ಕೇಳಿದ ಮಾತೆಂದರೆ, "ಮೂರು ದಿನದಲ್ಲಿ ದುಡ್ಡು ಬರುತ್ತೆ ಅಂದಿದ್ರಲ್ಲ ಸರ್, ಇವತ್ತಿಗೆ ಎಂಟು ದಿನ ಆಯ್ತು." ಮೋಸ ಹೋದೆನೇನೋ ಎಂಬ ಅಳುಕು ಆ ದನಿಯಲ್ಲಿ ಇರುತ್ತಿತ್ತು. ಬಹಳ ಸಲ ಅಲ್ಲಿ ಮೋಸ ಇರುತ್ತಿರಲಿಲ್ಲ. ಇಬ್ಬರೂ ದಿನ ಎಣಿಸಲು ಶುರು ಮಾಡಿದ್ದ ಜಾಗ ಬೇರೆ ಬೇರೆಯಾಗಿತ್ತು.

ಮಾರಿದವರ ಲೆಕ್ಕ ಕೀ ಕೊಟ್ಟ ಗಳಿಗೆಯಿಂದ. ಡೀಲರ್ ಲೆಕ್ಕ ಫೈಲು ಪೂರ್ತಿಯಾದ ದಿನದಿಂದ. ನಿಮ್ಮ ಜೊತೆ ಚೌಕಾಸಿ ಮಾಡಿ ದರ ಕುದುರಿಸಿದವರಿಗೆ ಹಣ ಬಿಡುವ ಅಧಿಕಾರ ಸಾಮಾನ್ಯವಾಗಿ ಇರುವುದಿಲ್ಲ. ಅವರು ಫೈಲು ಒಳಗೆ ಕಳಿಸುತ್ತಾರೆ. ತಪಾಸಣೆ ವರದಿ, ನೋಂದಣಿ ಪತ್ರ, ಗುರುತಿನ ಚೀಟಿ, ಮಾಲೀಕತ್ವ ವರ್ಗಾವಣೆಯ ಅರ್ಜಿ, ಬ್ಯಾಂಕ್ ಖಾತೆಯ ವಿವರ ಎಲ್ಲವೂ ಒಂದಕ್ಕೊಂದು ತಾಳೆಯಾದ ಮೇಲಷ್ಟೇ ಪಾವತಿ. ಒಂದು ಕಾಗದ ಕಡಿಮೆಯಾದರೂ ಫೈಲು ಪೆಂಡಿಂಗ್ ಟ್ರೇ ಸೇರುತ್ತದೆ. ಅದನ್ನು ಮಾರಿದವರಿಗೆ ಫೋನ್ ಮಾಡಿ ತಿಳಿಸುವುದು ಯಾರ ಕೆಲಸ ಎಂದು ಯಾರೂ ತೀರ್ಮಾನಿಸಿರುವುದಿಲ್ಲ. ಕಾರು ಹೇಗೂ ಅಂಗಳಕ್ಕೆ ಬಂದಿರುತ್ತದಲ್ಲ.

ಒಮ್ಮೆ ವಯಸ್ಸಾದವರೊಬ್ಬರು ಒಂಬತ್ತನೇ ದಿನ ಬಂದು ನನ್ನೆದುರು ಕೂತರು. ಫೈಲು ಹುಡುಕಿಸಿದೆ. ಮೇಲೆ ಹಳದಿ ಚೀಟಿ ಅಂಟಿಸಿದ್ದರು, "ಸಹಿ ಹೊಂದುತ್ತಿಲ್ಲ" ಎಂದು. ಕಾರು ಕೊಂಡಾಗ ಅವರು ಮಾಡಿದ್ದ ಸಹಿ ನೇರವಾಗಿತ್ತು, ಅರ್ಜಿಯಲ್ಲಿದ್ದದ್ದು ಅಂಕುಡೊಂಕು. ಪೆನ್ನು ಕೊಟ್ಟು ನನ್ನೆದುರೇ ಸಹಿ ಮಾಡಿ ಎಂದೆ. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡು ಮಾಡಿದರು. ಕೈ ನಡುಗುತ್ತಿತ್ತು, ಅದಷ್ಟೇ ಕಾರಣ. ಸಹಿ ಅವರದೇ ಎಂಬ ಒಂದು ಘೋಷಣೆ ಸೇರಿಸಿದೆವು, ಅಂದೇ ಹಣ ಹೋಯಿತು. ಎಂಟು ದಿನದಲ್ಲಿ ಯಾರಾದರೂ ಒಂದು ಫೋನ್ ಮಾಡಿದ್ದರೆ ಆ ಹಿರಿಯರು ಅಲೆಯಬೇಕಿರಲಿಲ್ಲ. ಅದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಹಾಗಾಗಿ ನನ್ನನ್ನು ಕೇಳುವವರಿಗೆಲ್ಲ ಹೇಳುತ್ತೇನೆ: ಸಾಧ್ಯವಿದ್ದರೆ ಹಣ ಖಾತೆಗೆ ಬಿದ್ದ ಮೇಲೆ ಕೀ ಕೊಡಿ. ಅದಕ್ಕೆ ಒಪ್ಪದಿದ್ದರೆ, ಕೀ ಕೊಡುವ ಮುಂಚೆ "ನನ್ನ ಫೈಲಿನಲ್ಲಿ ಇನ್ನೇನು ಬಾಕಿ ಇದೆ?" ಎಂದು ಕೇಳಿ. ಏನೂ ಇಲ್ಲ ಎಂದರೆ ಹಾಗೆಂದು ಬರೆಸಿಕೊಳ್ಳಿ. ಒಪ್ಪಂದದಲ್ಲಿ "ವಾಹನ ಹಸ್ತಾಂತರವಾದ ದಿನದಿಂದ ಇಷ್ಟು ಕೆಲಸದ ದಿನದೊಳಗೆ, ಈ ಖಾತೆಗೆ, ಇಷ್ಟು ಮೊತ್ತ" ಎಂಬ ಸಾಲು ಇರಲೇಬೇಕು. "ದಾಖಲೆ ಪರಿಶೀಲನೆಯ ನಂತರ" ಎಂದು ಬರೆದಿದ್ದರೆ ಪರಿಶೀಲನೆಗೂ ಗಡುವು ಹಾಕಿಸಿ. ಗಡುವಿಲ್ಲದ ಪರಿಶೀಲನೆ ಎಷ್ಟು ದಿನವಾದರೂ ಎಳೆಯಬಹುದು.

ಕಾರಿನ ಮೇಲೆ ಸಾಲವಿದ್ದರೆ ತಡವಾಗುವ ಸಂಭವ ಇನ್ನೂ ಹೆಚ್ಚು. ಡೀಲರ್ ಮೊದಲು ಸಾಲ ಕೊಟ್ಟವರ ಬಾಕಿ ತೀರಿಸಿ, ಉಳಿದದ್ದನ್ನು ನಿಮಗೆ ಕೊಡುತ್ತಾರೆ. ಬಾಕಿಯ ಮೊತ್ತ ತಿಳಿಸುವ ಪತ್ರ ಇಂಥ ದಿನದವರೆಗೆ ಮಾತ್ರ ಎಂದು ಇರುತ್ತದೆ, ಏಕೆಂದರೆ ಬಡ್ಡಿ ದಿನವೂ ಏರುತ್ತದೆ. 5 ಲಕ್ಷ ರೂಪಾಯಿ ಬಾಕಿಗೆ ವರ್ಷಕ್ಕೆ ಶೇ. 10ರ ಬಡ್ಡಿ ಎಂದರೆ ದಿನಕ್ಕೆ ಸುಮಾರು 137 ರೂಪಾಯಿ. ಡೀಲರ್ ಆರು ದಿನ ತಡ ಮಾಡಿದರೆ 822 ರೂಪಾಯಿಯಷ್ಟು ಕೊರತೆ ಬೀಳುತ್ತದೆ, ಸಾಲದ ಖಾತೆ ಮುಚ್ಚುವುದಿಲ್ಲ. ಆ ವ್ಯತ್ಯಾಸ ಯಾರ ತಲೆಗೆ ಎಂದು ಮೊದಲೇ ಬರೆಸಿ. ಸಾಲ ತೀರಿದ ಪತ್ರ ನಿಮ್ಮ ಕೈಗೆ ಬರುವವರೆಗೆ ಸಾಲಗಾರರು ನೀವೇ. ಕಂತಿನ ದಿನ ನಡುವೆ ಬಂದರೆ ಕಂತು ಕಟ್ಟಿಬಿಡಿ, ಹೆಚ್ಚು ಕಟ್ಟಿದ್ದನ್ನು ಆಮೇಲೆ ವಾಪಸ್ ಕೇಳಬಹುದು.

ಚೆಕ್ ಕೊಟ್ಟರೆ? ಖಾತೆಯಲ್ಲಿ ಮೊತ್ತ ಕಂಡ ಮಾತ್ರಕ್ಕೆ ಹಣ ಬಂತೆಂದಲ್ಲ. ಎಷ್ಟೋ ಕಡೆ ಬ್ಯಾಂಕು ಮೊದಲು ಜಮಾ ತೋರಿಸಿ, ಚೆಕ್ ಬೌನ್ಸ್ ಆದರೆ ಅದನ್ನು ಹಿಂದಕ್ಕೆ ಪಡೆಯುತ್ತದೆ. ಡಿಮ್ಯಾಂಡ್ ಡ್ರಾಫ್ಟ್‌ಗಳೂ ನಕಲಿಯಾಗಿರುವುದುಂಟು. "ಕಳಿಸಿದ್ದೇವೆ ನೋಡಿ" ಎಂದು ಫೋನಿನಲ್ಲಿ ತೋರಿಸುವ ಚಿತ್ರವನ್ನಂತೂ ಲೆಕ್ಕಕ್ಕೇ ಹಿಡಿಯಬೇಡಿ. ನಿಮ್ಮ ಬ್ಯಾಂಕಿಗೆ ನೀವೇ ಫೋನ್ ಮಾಡಿ, ಹಣ ಕ್ಲಿಯರ್ ಆಗಿದೆಯೇ ಎಂದು ಕೇಳಿ.

ಕಾರು ಒಪ್ಪಿಸಿದ ದಿನಾಂಕ, ಸಮಯ, ಓಡೋಮೀಟರ್ ತೋರಿಸಿದ ಕಿಲೋಮೀಟರ್, ಕೊಟ್ಟ ಕೀಗಳೆಷ್ಟು ಎಂಬುದಕ್ಕೆ ಅವರ ಸಹಿಯ ರಸೀದಿ ಇಟ್ಟುಕೊಳ್ಳಿ. ಖಾಲಿ ಅರ್ಜಿಗೆ ಸಹಿ ಮಾಡಬೇಡಿ.

ಇನ್ನೊಂದು ಮಾತು ಒಪ್ಪಂದದ ತಲೆಬರಹದ ಬಗ್ಗೆ. ಡೀಲರ್ ಕಾರನ್ನು ಕೊಂಡಿದ್ದಾರೋ, ಗಿರಾಕಿ ಸಿಕ್ಕಾಗ ಮಾರಿಕೊಡಲು ಇಟ್ಟುಕೊಂಡಿದ್ದಾರೋ ನೋಡಿ. ಎರಡನೆಯದಾದರೆ ಗಿರಾಕಿ ಸಿಗುವವರೆಗೆ ನಿಮಗೆ ಹಣ ಬರುವುದಿಲ್ಲ. ಬಂದ ಗಿರಾಕಿಯ ದುಡ್ಡನ್ನು ಡೀಲರ್ ಬೇರೆ ಖರ್ಚಿಗೆ ತಿರುಗಿಸಿದ್ದನ್ನೂ ನಾನು ಕಂಡಿದ್ದೇನೆ. ಅಂಥ ಅಂಗಡಿ ಮುಚ್ಚಿದರೆ, ಸಿಗುವುದು ಸಿಗಲಿ ಎಂದು ಡೀಲರ್‌ನಿಂದ ಹಣ ಬರಬೇಕಾದ ಉಳಿದವರ ಜೊತೆ ಸರದಿಯಲ್ಲಿ ನಿಲ್ಲಬೇಕಾದೀತು.

ಗಡುವು ದಾಟಿದ ಮೇಲೂ ಇವತ್ತು ನಾಳೆ ಅನ್ನುತ್ತಿದ್ದರೆ ಬಾಯಿಮಾತು ನಿಲ್ಲಿಸಿ. ಒಪ್ಪಂದದ ಪ್ರತಿ, ರಸೀದಿ ಲಗತ್ತಿಸಿ, ಹೊಸ ದಿನಾಂಕ ಹಾಕಿ, ಮಾಲೀಕರಿಗೂ ಲೆಕ್ಕಪತ್ರದವರಿಗೂ ಪತ್ರ ಬರೆಯಿರಿ. ಬರೆದ ಪತ್ರ ಬಂದರೆ ಫೈಲು ಟ್ರೇಯಿಂದ ಮೇಲೇಳುತ್ತದೆ, ನನ್ನ ಮೇಜಿನಲ್ಲೇ ನೋಡಿದ್ದೇನೆ. ಅದಕ್ಕೂ ಮಣಿಯದಿದ್ದರೆ ವಕೀಲರ ನೋಟಿಸು ಕೊಡಿಸಿ. ಆದರೆ ಮನೆಯಲ್ಲಿ ಉಳಿದ ಇನ್ನೊಂದು ಕೀ ತೆಗೆದುಕೊಂಡು ಹೋಗಿ ಕಾರು ತಂದುಬಿಡುವ ಯೋಚನೆ ಬೇಡ. ಒಬ್ಬರು ಹಾಗೆ ಮಾಡಿದರು. ಅವರ ಮೇಲೇ ಕಳ್ಳತನದ ದೂರು ದಾಖಲಾಯಿತು, ಬರಬೇಕಿದ್ದ ಹಣ ಆ ದೂರು ಇತ್ಯರ್ಥವಾಗುವವರೆಗೆ ನಿಂತುಹೋಯಿತು.