ಅಜ್ಜಿಗೆ ಬಿದ್ದ ಏಟು, ಮೊಮ್ಮಗಳ ಕಥೆ

ಹಿರಿಯರು ಉಂಡ ನೋವನ್ನು ಕಿರಿಯರು ಹೊರುವ ಕಾದಂಬರಿಗಳು ಈಗ ಹಲವು ಭಾಷೆಗಳಲ್ಲಿ ಬರುತ್ತಿವೆ. ವೈದ್ಯರು ಈ ಮಾತನ್ನು ಎತ್ತಿದ್ದು ಅದಕ್ಕೂ ಮೊದಲು. ನಾಜಿ ಶಿಬಿರಗಳಿಂದ ಬದುಕಿ ಬಂದವರ ಮಕ್ಕಳು, ಶಿಬಿರವನ್ನೇ ಕಾಣದವರು, ಏಕೆ ನರಳುತ್ತಿದ್ದಾರೆಂದು ಕೆನಡಾದ ಮನೋವೈದ್ಯ ವಿವಿಯನ್ ರಾಕಾಫ್ 1966ರಲ್ಲೇ ಬರೆದರು. 1987ರಲ್ಲಿ ಅಮೆರಿಕದ ಲೇಖಕಿ ಟೋನಿ ಮಾರಿಸನ್ ಅವರ ಕಾದಂಬರಿ ‘ಬಿಲವೆಡ್’ ಗುಲಾಮಗಿರಿಯ ನೆನಪನ್ನು ಸತ್ತ ಮಗಳ ರೂಪದಲ್ಲಿ ಮನೆಯೊಳಕ್ಕೆ ಕರೆತಂದಿತು.

ಆಮೇಲೆ ವಂಶವಾಹಿಯ ಮಾತು ಸೇರಿಕೊಂಡಿತು. ನೆದರ್ಲೆಂಡ್ಸ್‌ನ 1944–45ರ ಬರಗಾಲದಲ್ಲಿ ಗರ್ಭದಲ್ಲಿದ್ದವರ ವಂಶವಾಹಿಯೊಂದರ ಮೇಲೆ ಆರು ದಶಕಗಳ ನಂತರವೂ ರಾಸಾಯನಿಕ ವ್ಯತ್ಯಾಸ ಕಂಡಿತೆಂದು 2008ರಲ್ಲಿ ವರದಿಯಾಯಿತು. ಕಥೆಗಾರರಿಗೆ ಇದು ಬಲು ರುಚಿಸಿತು. ಆದರೆ ಅಲ್ಲಿ ಹಸಿದವರು ಆ ಮಕ್ಕಳೇ. ಕಾಣದ ಕಷ್ಟದ ನೆನಪು ರಕ್ತದಲ್ಲಿ ಹರಿಯುತ್ತದೆ ಎನ್ನುವುದಕ್ಕೆ ಅದು ಸಾಕ್ಷಿಯಲ್ಲ. ಮನೆಯಲ್ಲಿ ಆಡಿದ ಮಾತು, ಆಡದೆ ನುಂಗಿದ ಮಾತು, ಕಾರಣ ಮರೆತರೂ ಉಳಿದ ಹೆದರಿಕೆ: ಕಥೆಗೆ ಇಷ್ಟು ಸಾಲದೇ?

ಹಾಸನದಲ್ಲಿ ಇದಕ್ಕೆ ಬರವಿಲ್ಲ. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಕಾಲಿಟ್ಟ ಪ್ಲೇಗ್ ದಶಕಗಳ ಕಾಲ ಮತ್ತೆ ಮತ್ತೆ ಬಂತು. ಇಲಿ ಸತ್ತರೆ ಜನ ಊರು ಬಿಟ್ಟು ಹೊರಗೆ ಗುಡಿಸಲು ಹಾಕುತ್ತಿದ್ದರು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಎಸ್.ಎಲ್. ಭೈರಪ್ಪ ತಾಯಿಯನ್ನೂ ಒಡಹುಟ್ಟಿದವರನ್ನೂ ಆ ರೋಗಕ್ಕೆ ಕಳೆದುಕೊಂಡವರು. 1970ರ ‘ಗೃಹಭಂಗ’ದಲ್ಲಿ ಅದು ಸ್ವಂತ ಕಣ್ಣು ಕಂಡ ಸಾವು. ಸತ್ತ ಇಲಿ ಕಂಡರೆ ಅಜ್ಜಿ ಏಕೆ ಮಾತು ನಿಲ್ಲಿಸುತ್ತಾಳೆಂದು ತಿಳಿಯದ ಮೊಮ್ಮಗಳು ಬರೆಯುವ ಕಾದಂಬರಿ ಬೇರೆಯೇ ಆಗುತ್ತದೆ.

ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದದ್ದು 1979ರಲ್ಲಿ. ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಯಲ್ಲಿ ಎದ್ದು ನಿಲ್ಲುವ ಶೆಟ್ಟಿಹಳ್ಳಿ ಚರ್ಚಿಗೆ ಪ್ರವಾಸಿಗರು ಮೊಬೈಲ್ ಹಿಡಿದು ಬರುತ್ತಾರೆ. (ಸುತ್ತ ಇದ್ದ ಊರುಗಳ ಹೆಸರು ಕೇಳುವವರು ಕಡಿಮೆ.) ಅಂದು ಎತ್ತಂಗಡಿಯಾದವರ ಮೊಮ್ಮಕ್ಕಳು ಈಗ ಬರೆಯುವ ವಯಸ್ಸಿನವರು. ಅವರಿಗೆ ನನ್ನದೊಂದು ತಕರಾರು ಮೊದಲೇ ಇದೆ: ಟ್ರಂಕಿನಲ್ಲಿ ಸಿಕ್ಕ ಹಳೆಯ ಕಾಗದದಿಂದ ಕಥೆ ಶುರುಮಾಡುವುದು ಸಾಕು. ಆಗ ಜಾರಿಯಲ್ಲಿದ್ದ 1894ರ ಭೂಸ್ವಾಧೀನ ಕಾಯ್ದೆ ಮುಖ್ಯವಾಗಿ ಜಮೀನಿನ ಹಕ್ಕು ಇದ್ದವರ ಲೆಕ್ಕ ಹಿಡಿಯಿತು. ಪಹಣಿ ಇದ್ದ ಮನೆಗಳಲ್ಲಿ ನೋಟಿಸು, ರಸೀದಿ ಉಳಿದಿರುತ್ತವೆ. ಅದೇ ಗದ್ದೆಯಲ್ಲಿ ನಾಟಿ ಹಾಕಿದ ಕೂಲಿಯವಳ ಹೆಸರು ಆ ಕಾಗದಗಳಲ್ಲಿ ಎಲ್ಲಿರುತ್ತದೆ? ಅವಳ ಮೊಮ್ಮಗಳು ಬರೆಯಲು ಕುಳಿತರೆ ಟ್ರಂಕೂ ಇಲ್ಲ, ಕಾಗದವೂ ಇಲ್ಲ. ಯಾರ ಗದ್ದೆ, ಎಷ್ಟು ಕೂಲಿ ಎಂಬುದರಿಂದಲೇ ಅವಳು ಆರಂಭಿಸಬೇಕು.