ಅದೇ ಮೆಷಿನ್, ಅದೇ ದಾರ. ಕಸ್ಟಮ್ ಕ್ವಿಲ್ಟಿಂಗ್‌ಗೆ ಮೂರು ಪಟ್ಟು ದುಡ್ಡು ಯಾಕೆ?

ಪ್ರಶ್ನೆ: ಅಮ್ಮನ ಹಳೇ ಕಾಟನ್ ಸೀರೆಗಳನ್ನು ಕತ್ತರಿಸಿ, ನಡುನಡುವೆ ಬಿಳಿ ಚೌಕ ಇಟ್ಟು, 60×80 ಇಂಚಿನ ಕ್ವಿಲ್ಟ್ ಟಾಪ್, ಅಂದರೆ ಮೇಲ್ಪದರ, ಜೋಡಿಸಿದ್ದೇನೆ. ಅದನ್ನು ಲಾಂಗ್‌ಆರ್ಮ್ ಮೆಷಿನ್ ಇರುವವರ ಹತ್ತಿರ ಹೊಲಿಸಬೇಕು. ಕೇಳಿದರೆ ಎರಡು ದರ ಹೇಳಿದರು. ಒಂದೇ ಡಿಸೈನ್ ಉದ್ದಕ್ಕೂ ಹಾಕಿದರೆ ಒಂದು ದರ, ಕಸ್ಟಮ್ ಬೇಕು, ಅಂದರೆ ಒಂದೊಂದು ಚೌಕಕ್ಕೆ ಒಂದೊಂದು ಡಿಸೈನ್ ಬೇಕು ಅಂದರೆ, ಅದರ ಮೂರು ಪಟ್ಟು. ಮೆಷಿನ್ ಅದೇ, ದಾರ ಅದೇ. ಹಾಗಿದ್ದರೆ ಮೂರು ಪಟ್ಟು ಯಾಕೆ? ಮುಂದೆ ಎಲ್ಲಾದರೂ ಪ್ರದರ್ಶನಕ್ಕೂ ಇಡೋ ಆಸೆ ಇದೆ. (ದಾವಣಗೆರೆಯ ಓದುಗರು)

ಉತ್ತರ: ಹೆಚ್ಚಿನ ದುಡ್ಡು ಹೊಲಿಗೆಗೆ ಅಲ್ಲ, ಹೊಲಿಗೆ ನಿಲ್ಲಿಸಿದ್ದಕ್ಕೆ. ಕಸ್ಟಮ್ ಕೆಲಸದಲ್ಲಿ ಮೆಷಿನ್ ಓಡುವ ಹೊತ್ತಿಗಿಂತ ನಿಂತಿರುವ ಹೊತ್ತೇ ಜಾಸ್ತಿ. ಆದರೆ ನಿಮ್ಮ ಕ್ವಿಲ್ಟ್‌ಗೆ ಅಷ್ಟು ಕೊಡಬೇಕಾ ಅನ್ನೋದು ಬೇರೆ ಮಾತು. ಅದಕ್ಕೂ ಬರುತ್ತೇನೆ.

ಮೊದಲು ಮೆಷಿನ್ ವಿಷಯ. ಕ್ವಿಲ್ಟಿಂಗ್ ಅಂದರೆ ಮೇಲಿನ ಟಾಪ್, ನಡುವೆ ಹತ್ತಿಯದೋ ಉಣ್ಣೆಯದೋ ಮೆತ್ತನೆ ಪದರ (ಇದೇ ಬ್ಯಾಟಿಂಗ್), ಕೆಳಗೆ ಅಡಿಬಟ್ಟೆ, ಈ ಮೂರನ್ನೂ ಸೇರಿಸಿ ಹೊಲಿಯೋದು. ಮನೆಯ ಹೊಲಿಗೆ ಮೆಷಿನ್‌ನಲ್ಲಿ ಸೂಜಿ ಒಂದೇ ಕಡೆ ಇರುತ್ತದೆ, ಬಟ್ಟೆಯನ್ನು ನಾವು ತಳ್ಳುತ್ತೇವೆ. ಲಾಂಗ್‌ಆರ್ಮ್‌ನಲ್ಲಿ ಇದು ಉಲ್ಟಾ. ಹತ್ತು ಹನ್ನೆರಡು ಅಡಿ ಉದ್ದದ ಚೌಕಟ್ಟಿನ ಮೇಲೆ ಬಟ್ಟೆ ಬಿಗಿಯಾಗಿ ನಿಂತಿರುತ್ತದೆ. ಮೆಷಿನ್ ಚಕ್ರದ ಮೇಲೆ, ಹಳಿಯ ಮೇಲೆ ಓಡಾಡುತ್ತದೆ. ಎರಡು ಹಿಡಿಕೆ ಹಿಡಿದು ಅದನ್ನು ನಡೆಸುತ್ತಾರೆ. ಕೈ ವೇಗವಾಗಿ ಹೋದರೂ ನಿಧಾನವಾಗಿ ಹೋದರೂ ಹೊಲಿಗೆಯ ಉದ್ದ ಒಂದೇ ಸಮ ಬರುವಂತೆ ನೋಡಿಕೊಳ್ಳುವ ವ್ಯವಸ್ಥೆ ಈಗಿನ ಮೆಷಿನ್‌ಗಳಲ್ಲಿ ಇದೆ. ಸಾಮಾನ್ಯವಾಗಿ ಇಂಚಿಗೆ ಹತ್ತರಿಂದ ಹನ್ನೆರಡು ಹೊಲಿಗೆ.

ಸೂಜಿಯಿಂದ ಮೆಷಿನ್‌ನ ಹಿಂದಿನ ಕಂಬದವರೆಗೆ ಇರೋ ಜಾಗ ಮನೆಯ ಮೆಷಿನ್‌ನಲ್ಲಿ ಏಳೆಂಟು ಇಂಚು. ಲಾಂಗ್‌ಆರ್ಮ್‌ನಲ್ಲಿ 18ರಿಂದ 30 ಇಂಚು. ಕೇಳೋಕೆ ದೊಡ್ಡದು. ಆದರೆ ನಿಮ್ಮ ಕ್ವಿಲ್ಟ್ 80 ಇಂಚು ಉದ್ದ. ಕ್ವಿಲ್ಟ್ ಸುತ್ತಿಕೊಂಡ ರೋಲರ್ ಮೆಷಿನ್‌ನ ಆ ಜಾಗದಲ್ಲೂ ಒಂದಿಷ್ಟು ತಿನ್ನುತ್ತದೆ. ಅಂದರೆ ಒಂದು ಸಲಕ್ಕೆ ಒಂದು ಪಟ್ಟಿ ಮಾತ್ರ ಕಣ್ಣಿಗೆ ಕಾಣುತ್ತದೆ, ಉಳಿದದ್ದು ರೋಲರ್ ಮೇಲೆ ಸುತ್ತಿರುತ್ತದೆ. ದರದ ಕಥೆ ಪೂರ್ತಿ ಇಲ್ಲೇ ಇದೆ.

ಒಂದೇ ಡಿಸೈನ್ ಹಾಕುವಾಗ ಈ ಪಟ್ಟಿಯಿಂದ ತೊಂದರೆ ಇಲ್ಲ. ಮೆಷಿನ್‌ನ ಹಿಂದೆ ಒಂದು ಉದ್ದನೆಯ ಕಾಗದದ ಮೇಲೆ ಬಳ್ಳಿಯೋ ಅಲೆಯೋ ಅಚ್ಚಾಗಿರುತ್ತದೆ. ಲೇಸರ್ ಚುಕ್ಕಿಯನ್ನು ಆ ಗೆರೆಯ ಮೇಲೆ ನಡೆಸಿದರೆ ಸೂಜಿ ಬಟ್ಟೆಯ ಮೇಲೆ ಅದನ್ನೇ ಹೊಲಿಯುತ್ತದೆ. ಕಂಪ್ಯೂಟರ್ ಇದ್ದರೆ ಅದೂ ಬೇಡ, ಮೆಷಿನ್ ತಾನೇ ಓಡುತ್ತದೆ. ಎಡದಿಂದ ಬಲಕ್ಕೆ ಒಂದು ಸಾಲು, ಅಂಚಿಗೆ ಬಂದಾಗ ದಾರ ಕತ್ತರಿಸು, ರೋಲರ್ ತಿರುಗಿಸು, ಮುಂದಿನ ಸಾಲು. ಕೆಳಗೆ ಸೀರೆ ಚೂರು ಇದೆಯಾ, ಬಿಳಿ ಚೌಕ ಇದೆಯಾ ಅಂತ ಆ ಬಳ್ಳಿ ನೋಡೋದೇ ಇಲ್ಲ.

ಕಸ್ಟಮ್‌ನಲ್ಲಿ ಅದನ್ನೇ ನೋಡಬೇಕು. ಮೊದಲು ಜೋಡಣೆಯ ಗೆರೆಗಳ ಪಕ್ಕದಲ್ಲೇ, ಕಂಡೂ ಕಾಣದ ಹಾಗೆ ಹೊಲಿದು ಚೌಕಗಳನ್ನು ಕಟ್ಟಿ ಹಾಕಬೇಕು. ಇಲ್ಲದಿದ್ದರೆ ಮುಂದಿನ ಕೆಲಸ ಮಾಡುವಾಗ ಅವು ಸೊಟ್ಟ ಆಗುತ್ತವೆ. ಆಮೇಲೆ ಒಂದೊಂದು ಚೌಕಕ್ಕೆ ಒಂದೊಂದು ಯೋಚನೆ. ಇಲ್ಲಿ ಗರಿ, ಅಲ್ಲಿ ಅಡ್ಡಗೆರೆ, ಮೂಲೆಯಲ್ಲಿ ಸಣ್ಣ ಕಲ್ಲಿನಂಥ ಗುಂಡು ತುಂಬಿಸೋದು. ನೇರ ಗೆರೆ ಬೇಕಾದರೆ ದಪ್ಪ ಅಕ್ರಿಲಿಕ್ ರೂಲರ್ ಒತ್ತಿ ಹಿಡಿದು, ಒಂದು ಕೈಯಲ್ಲಿ ಮೆಷಿನ್ ನಡೆಸಬೇಕು. ಒಂದು ಕಡೆ ಮುಗಿಸಿ ಇನ್ನೊಂದು ಕಡೆ ಶುರು ಮಾಡುವಾಗಲೆಲ್ಲ ಬಾಬಿನ್ ದಾರವನ್ನು (ಮೆಷಿನ್‌ನ ಕೆಳಗಿನ ದಾರ) ಮೇಲೆ ಎಳೆದುಕೊಳ್ಳಬೇಕು. ಪ್ರದರ್ಶನದ ಕ್ವಿಲ್ಟ್ ಆದರೆ ದಾರದ ತುದಿಗಳನ್ನು ಗಂಟು ಹಾಕಿ, ಕೈಸೂಜಿಯಿಂದ ಪದರಗಳ ಒಳಗೆ ಹೂತು ಹಾಕುತ್ತಾರೆ. ಒಂದು ಕ್ವಿಲ್ಟ್‌ನಲ್ಲಿ ಇಂಥ ತುದಿ ನೂರಾರು.

ಇನ್ನು ಬೋರ್ಡರ್. ಎಡಬಲದ ಬೋರ್ಡರ್‌ನಲ್ಲಿ ಮೇಲಿಂದ ಕೆಳಗೆ ಒಂದು ಗರಿಬಳ್ಳಿ ಬೇಕು ಅಂತಿಟ್ಟುಕೊಳ್ಳಿ. ಕಾಣೋದು ಒಂದು ಪಟ್ಟಿ ಮಾತ್ರ. ಬಳ್ಳಿಯನ್ನು ಅಷ್ಟೇ ಹೊಲಿದು, ದಾರ ಕತ್ತರಿಸಿ, ನಡುವಿನ ಚೌಕ ಮುಗಿಸಿ, ರೋಲರ್ ತಿರುಗಿಸಿ, ಬಳ್ಳಿ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಎತ್ತಿಕೊಳ್ಳಬೇಕು. ಸೇರಿಸಿದ ಗುರುತು ಕಾಣಬಾರದು. ಬಣ್ಣದ ದಾರ ಬದಲಾದರೆ ಇನ್ನಷ್ಟು ಸಲ ಹಿಂದೆ ಮುಂದೆ ಸುತ್ತಬೇಕು. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ತಡೆರಹಿತ ಬಸ್ಸೂ ಅದೇ ರಸ್ತೆಯಲ್ಲಿ ಹೋಗುತ್ತದೆ, ಆನಗೋಡು, ಭರಮಸಾಗರ ಅಂತ ಕೈ ತೋರಿದಲ್ಲೆಲ್ಲ ನಿಲ್ಲುವ ಬಸ್ಸೂ ಹೋಗುತ್ತದೆ. ದೂರ ಅಷ್ಟೇ, ಹೊತ್ತು ಅಷ್ಟೇ ಅಲ್ಲ.

ದರವನ್ನು ಬಹಳ ಜನ ಚದರ ಇಂಚಿನ ಲೆಕ್ಕದಲ್ಲಿ ಹೇಳುತ್ತಾರೆ. ನಿಮ್ಮದು 60×80, ಅಂದರೆ 4,800 ಚದರ ಇಂಚು. ಅವರ ದರದಿಂದ ಗುಣಿಸಿ ನೋಡಿ. ಕೆಲವರು ಕಸ್ಟಮ್‌ಗೆ ಗಂಟೆ ಲೆಕ್ಕ ಹಾಕುತ್ತಾರೆ. ದಾರ, ನಡುವಿನ ಬ್ಯಾಟಿಂಗ್, ಸುತ್ತ ಕಟ್ಟುವ ಬೈಂಡಿಂಗ್ ಇದರಲ್ಲೇ ಬಂತಾ, ಬೇರೆಯಾ ಅಂತ ಮೊದಲೇ ಕೇಳಿಬಿಡಿ. ಮನಸ್ತಾಪ ಆಗೋದು ಹೆಚ್ಚಾಗಿ ಇಲ್ಲಿಯೇ.

ಸರಿ, ಅಷ್ಟು ಕೊಡಬೇಕಾ? ನನ್ನ ಕೇಳಿದರೆ, ಮೊದಲು ಸೀರೆಯ ಚೂರುಗಳನ್ನು ನೋಡಿ. ಹೂವು, ಬುಟ್ಟಾ, ಚೌಕಳಿ ತುಂಬಿದ ಬಟ್ಟೆಯ ಮೇಲೆ ಎಂಥ ಚೆಂದದ ಗರಿ ಹೊಲಿದರೂ ಪ್ರಿಂಟ್ ಅದನ್ನು ನುಂಗಿಬಿಡುತ್ತದೆ. ಕ್ವಿಲ್ಟಿಂಗ್ ಕಾಣೋದು ಖಾಲಿ ಬಟ್ಟೆಯ ಮೇಲೆ. ನೆರಳು ಬೀಳೋದು ಅಲ್ಲಿಯೇ. ಹಾಗಾಗಿ ನಿಮ್ಮ ಬಿಳಿ ಚೌಕಗಳಿಗೆ ಕಸ್ಟಮ್ ಹೊಂದುತ್ತದೆ, ಸೀರೆ ಚೂರುಗಳಿಗೆ ಅಲ್ಲ.

ಎರಡನೇ ಕಾರಣ ಬಟ್ಟೆಯ ವಯಸ್ಸು. ವರ್ಷಗಟ್ಟಲೆ ಉಟ್ಟು ಒಗೆದ ಸೀರೆಯ ನೂಲು ಸವೆದಿರುತ್ತದೆ. ನಮ್ಮ ಕಡೆ ಕೌದಿಗೆ ಇದೇ ಹಳೇ ಬಟ್ಟೆ ಬಳಸುತ್ತಾರಲ್ಲ ಅಂತ ನೀವು ಕೇಳಬಹುದು. ಕೌದಿಯಲ್ಲಿ ಒಂದರ ಮೇಲೊಂದು ಹಲವು ಪದರ ಸೀರೆ ಇರುತ್ತದೆ, ಕೈಹೊಲಿಗೆ ಸಡಿಲವಾಗಿರುತ್ತದೆ, ಒಂದು ಪದರ ಹರಿದರೆ ಅದರ ಕೆಳಗಿನದು ಹಿಡಿದುಕೊಳ್ಳುತ್ತದೆ. ಕ್ವಿಲ್ಟ್‌ನಲ್ಲಿ ಮೇಲಿರೋದು ಒಂದೇ ಪದರ. ಅದರ ಮೇಲೆ ಕಾಲಿಂಚಿಗೊಂದು ಗೆರೆ ಓಡಿಸಿದರೆ ಸವೆದ ಸೀರೆಗೆ ಸೂಜಿ ತೂತೇ ಜಾಸ್ತಿ ಆಗುತ್ತದೆ. ಸೀರೆ ತೆಳ್ಳಗಿದ್ದರೆ ಜೋಡಿಸುವ ಮೊದಲೇ ಹಿಂದೆ ಇಸ್ತ್ರಿಯಿಂದ ಅಂಟುವ ಹಗುರ ಕ್ಯಾನ್ವಾಸ್ ಹಾಕಿರಬೇಕು. ಮೊಳಕಾಲ್ಮೂರು ರೇಷ್ಮೆ ಚೂರು ಎಲ್ಲಾದರೂ ಸೇರಿಸಿದ್ದರೆ ಹೊಲಿಯುವವರಿಗೆ ಹೇಳಿ. ರೇಷ್ಮೆಯಲ್ಲಿ ಸೂಜಿ ತೂತು ಹಾಗೇ ಉಳಿಯುತ್ತದೆ, ಬಿಚ್ಚಿ ಮತ್ತೆ ಹೊಲಿಯೋ ಮಾತಿಲ್ಲ. ಜರಿಯ ಮೇಲೆ ದಾರ ಪಟಪಟ ಕಡಿಯುತ್ತದೆ.

ಮೂರನೆಯದು, ಹೊದೆಯೋಕಾ, ಗೋಡೆಗಾ? ದಟ್ಟ ಹೊಲಿಗೆ ಹಾಕಿದಷ್ಟೂ ಕ್ವಿಲ್ಟ್ ಬಿರುಸಾಗುತ್ತದೆ. ಅಮ್ಮನ ಸೀರೆ ಮೈಮೇಲೆ ಮೆತ್ತಗೆ ಬೀಳಬೇಕು ಅನ್ನೋದಾದರೆ ಸಡಿಲವಾದ ಒಂದೇ ಡಿಸೈನ್ ಸಾಕು. ಅದು ಕಡಿಮೆ ದರ್ಜೆ ಅಲ್ಲ. ಕಡಿಮೆ ದರ ಅಷ್ಟೇ.

ಪ್ರದರ್ಶನ ಅಂದರೆ ಲೆಕ್ಕ ಬದಲಾಗುತ್ತದೆ. ಅಮೆರಿಕದ ಕೆಂಟಕಿ ರಾಜ್ಯದ ಪಡೂಕಾದಲ್ಲಿ ಅಮೆರಿಕನ್ ಕ್ವಿಲ್ಟರ್ಸ್ ಸೊಸೈಟಿ 1985ರಿಂದ ಪ್ರದರ್ಶನ ನಡೆಸುತ್ತಿದೆ. ಮೊದಮೊದಲು ಅಲ್ಲಿನ ದೊಡ್ಡ ಬಹುಮಾನ ಕೈಹೊಲಿಗೆಗೇ ಹೋಗುತ್ತಿತ್ತು. 1989ರಲ್ಲಿ ಕ್ಯಾರಲ್ ಬ್ರೈಯರ್ ಫಾಲರ್ಟ್ ಅವರ ಸೂರ್ಯಗ್ರಹಣದ ಕ್ವಿಲ್ಟ್ ಅದನ್ನು ಗೆದ್ದಾಗ, ಮೆಷಿನ್‌ನಲ್ಲಿ ಹೊಲಿದ ಕ್ವಿಲ್ಟ್‌ಗೆ ಮೊದಲ ಸಲ ಆ ಬಹುಮಾನ ಬಂತು. ಮೆಷಿನ್‌ನಲ್ಲಿ ಹೊಲಿದರೆ ಅದು ಕ್ವಿಲ್ಟೇ ಅಲ್ಲ ಅನ್ನೋ ವಾದದ ಜೋರು ಆಮೇಲೆ ತಗ್ಗಿತು. ಈಗ ದೊಡ್ಡ ಪ್ರದರ್ಶನಗಳಲ್ಲಿ ಕೈಹೊಲಿಗೆಗೆ, ಮನೆಯ ಮೆಷಿನ್‌ಗೆ, ಚೌಕಟ್ಟಿನ ಮೆಷಿನ್‌ಗೆ ಬೇರೆ ಬೇರೆ ವಿಭಾಗ ಇರೋದು ಸಾಮಾನ್ಯ. ಟಾಪ್ ಜೋಡಿಸಿದವರು ಒಬ್ಬರು, ಹೊಲಿದವರು ಇನ್ನೊಬ್ಬರು ಆದರೆ ಇಬ್ಬರ ಹೆಸರನ್ನೂ ಬರೆಯಬೇಕು. ನಿಮ್ಮ ಲೇಬಲ್ ಮೇಲೂ ಹಾಗೇ ಬರೆಯಿರಿ.

ತೀರ್ಪುಗಾರರು ಡಿಸೈನ್ ಎಷ್ಟು ಕಷ್ಟದ್ದು ಅಂತ ಮಾತ್ರ ನೋಡಲ್ಲ. ಹಿಂದೆ ತಿರುಗಿಸಿ ನೋಡುತ್ತಾರೆ. ತಿರುವುಗಳಲ್ಲಿ ದಾರ ಎಳೆದುಕೊಂಡಿದೆಯಾ, ಶುರು ಮತ್ತು ಕೊನೆ ಗೊತ್ತಾಗುತ್ತದಾ, ಬೈಂಡಿಂಗ್ ಒಳಗೆ ಬ್ಯಾಟಿಂಗ್ ತುಂಬಿಕೊಂಡಿದೆಯಾ, ತೂಗು ಹಾಕಿದಾಗ ನೇರವಾಗಿ ಬೀಳುತ್ತದಾ. ಈ ಕೊನೆಯದರಲ್ಲೇ ಬಹಳ ಕಸ್ಟಮ್ ಕ್ವಿಲ್ಟ್‌ಗಳು ಸೋಲೋದು. ನಡುವೆ ದಟ್ಟವಾಗಿ ಹೊಲಿದು ಬೋರ್ಡರನ್ನು ಸಡಿಲ ಬಿಟ್ಟರೆ, ನಡುಭಾಗ ಕುಗ್ಗಿ ಅಂಚು ಅಲೆಅಲೆ ಆಗುತ್ತದೆ. ಬಿಳಿ ಚೌಕ ದಟ್ಟ, ಸೀರೆ ಚೌಕ ಪೂರಾ ಖಾಲಿ ಅನ್ನೋದೂ ಅದೇ ತಪ್ಪು. ಸೀರೆಯ ಮೇಲೂ ಇಂಚು, ಒಂದೂವರೆ ಇಂಚಿಗೊಂದು ಸರಳ ಗೆರೆ ಇರಲಿ.

ನೀವು ಮಾಡಬೇಕಾದ ಸಿದ್ಧತೆ ಸ್ವಲ್ಪ ಇದೆ. ಅಡಿಬಟ್ಟೆ ನಾಲ್ಕೂ ಕಡೆ ನಾಲ್ಕು ನಾಲ್ಕು ಇಂಚು ಹೆಚ್ಚಿರಬೇಕು, ಅಂದರೆ 68×88. ಬೆಡ್‌ಶೀಟ್ ಅಗಲದ ಶೀಟಿಂಗ್ ಬಟ್ಟೆ ಸಿಕ್ಕರೆ ನಡುವೆ ಜೋಡಿಸೋ ಕೆಲಸವೇ ಇಲ್ಲ. ಚೌಕಿಪೇಟೆಯಲ್ಲಿ ಒಂದು ಸುತ್ತು ಹಾಕಿ ಕೇಳಿ. ತಂದಮೇಲೆ ಒಗೆದು, ಇಸ್ತ್ರಿ ಮಾಡಿ ಕೊಡಿ. ಮೂರೂ ಪದರ ಸೇರಿಸಿ ಪಿನ್ ಹಾಕಬೇಡಿ. ಮೇಲಿನದು, ಅಡಿಯದು ಬೇರೆ ಬೇರೆಯಾಗಿಯೇ ಚೌಕಟ್ಟಿಗೆ ಏರುತ್ತವೆ.

ಬ್ಯಾಟಿಂಗ್ ಬಗ್ಗೆ ನಮ್ಮೂರಿನವರಿಗೆ ಒಂದು ಮಾತು ಹೇಳಲೇಬೇಕು. ಒಂದು ಕಾಲಕ್ಕೆ ಹತ್ತಿ ಮಿಲ್ಲುಗಳಿಗೆ ಹೆಸರಾಗಿದ್ದ ಊರು, ಗಾದಿಯವರ ಹತ್ತಿರ ಎಕ್ಕಿದ ಒಳ್ಳೇ ಹತ್ತಿ ಸಿಗುತ್ತದೆ, ಅದನ್ನೇ ಹರಡಿಬಿಡೋಣ ಅನ್ನಿಸೋದು ಸಹಜ. ಬೇಡ. ಬಿಡಿ ಹತ್ತಿ ಚೌಕಟ್ಟಿನ ಮೇಲೆ ಜರುಗುತ್ತದೆ, ಒಂದು ಕಡೆ ಗಂಟು, ಇನ್ನೊಂದು ಕಡೆ ಖಾಲಿ. ಹಾಳೆಯಂತೆ ಹಿಡಿದುಕೊಂಡಿರುವ ಬ್ಯಾಟಿಂಗ್ ಬೇಕು. ಹೊದೆಯೋಕೆ ಹತ್ತಿಯದು, ತೂಗು ಹಾಕೋಕೆ ಉಣ್ಣೆಯದು. ಉಣ್ಣೆ ಉಬ್ಬಿ ನಿಲ್ಲುತ್ತದೆ, ಗರಿ ಎದ್ದು ಕಾಣುತ್ತದೆ. ಚಳ್ಳಕೆರೆ ಕಂಬಳಿ ನೆನಪಿಸಿಕೊಂಡು ಹೆದರಬೇಡಿ, ಈ ಉಣ್ಣೆ ಹಗುರ, ಚುಚ್ಚಲ್ಲ.

ಬೋರ್ಡರ್ ಈಗಾಗಲೇ ಅಲೆಅಲೆಯಾಗಿದ್ದರೆ ಬಿಚ್ಚಿ ಸರಿ ಮಾಡಿ. ಟಾಪ್‌ನ ನಡುವೆ ಅಳೆದು, ಅಷ್ಟೇ ಉದ್ದಕ್ಕೆ ಬೋರ್ಡರ್ ಕತ್ತರಿಸಿ ಹೊಲಿಯಿರಿ. ಮೆಷಿನ್‌ನಲ್ಲಿ ಸರಿಹೋಗುತ್ತೆ ಬಿಡಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಲೆ ಇದ್ದ ಜಾಗದಲ್ಲಿ ಮಡಿಕೆ ಬೀಳುತ್ತದೆ.

ಕೊನೆಗೆ ದರದ ಮಾತು. ಅವರು ಹೇಳಿದ ಎರಡು ದರದ ನಡುವೆ ಇನ್ನೊಂದು ಇರುತ್ತದೆ, ಕೇಳಿ ನೋಡಿ. ಬಿಳಿ ಚೌಕಗಳಿಗೆ ಮಾತ್ರ ಗರಿ ಅಥವಾ ಹೂವು, ಸೀರೆ ಚೂರುಗಳ ಮೇಲೆ ಸರಳ ಗೆರೆ, ಎಲ್ಲಕ್ಕೂ ಒಂದೇ ಬಣ್ಣದ ದಾರ. ನಿಲ್ಲಿಸೋದು ಕಡಿಮೆ ಆದಷ್ಟು ದರವೂ ಇಳಿಯುತ್ತದೆ. ಒಪ್ಪುವ ಮೊದಲು ಟಾಪ್ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಸಿ, ಒಂದು ಚೌಕದ ಡಿಸೈನನ್ನು ಅದರ ಮೇಲೆ ಬರೆದು ತೋರಿಸಿ ಅನ್ನಿ. ಹಾಳೆಯ ಅಂಚಿಗೆ ಮೊದಲೇ ಬಣ್ಣದ ಟೇಪ್ ಅಂಟಿಸಿಕೊಳ್ಳಿ, ಪೆನ್ನು ಜಾರಿ ಬಟ್ಟೆಯ ಮೇಲೆ ಹೋಗಬಾರದಲ್ವಾ. ಬಿಳಿಯ ಮೇಲೆ ಬಿಳಿ ದಾರವನ್ನೇ ಕೇಳಿ. ಕೆಂಪು ದಾರ ಚೆಂದ ಕಾಣುತ್ತದೆ ನಿಜ, ಆದರೆ ಕೈ ಒಂದು ಕೂದಲಷ್ಟು ನಡುಗಿದರೂ ಹತ್ತು ಅಡಿ ದೂರದಿಂದ ಗೊತ್ತಾಗುತ್ತದೆ.