ಇಸಾಂಪುರದ ಕಲ್ಲು, ಡಾರ್ವಿನ್ ಪಾಠ

“ಗಡಿಯಾರಕ್ಕೆ ಮಾಡಿದವನಿದ್ದಾನೆ ಅಂದ್ರೆ ಕಣ್ಣಿಗೂ ಇರಬೇಕಲ್ವಾ?” ಯಾದಗಿರಿಯಲ್ಲೂ ಯಾರಾದರೂ ಕೇಳಬಹುದಾದ ಈ ಪ್ರಶ್ನೆಯನ್ನು ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿ 1802ರಲ್ಲೇ ಕೇಳಿದ್ದ. ಡಾರ್ವಿನ್ 1859ರಲ್ಲಿ ಉತ್ತರ ಕೊಟ್ಟ. ಹುಟ್ಟುವ ಮರಿಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸ ಇರುತ್ತದೆ. ಬದುಕಲು ನೆರವಾದ ಗುಣ ಮುಂದಿನ ಪೀಳಿಗೆಗೆ ಜಾಸ್ತಿ ದಾಟುತ್ತದೆ. ಲಕ್ಷಾಂತರ ವರ್ಷ ಹೀಗೇ ನಡೆದರೆ ಕಣ್ಣೂ ರೂಪುಗೊಳ್ಳುತ್ತದೆ. ಇದೇ ವಿಕಾಸವಾದ.

ಈ ಎರಡು ವಾದಗಳ ಜಗಳ ಕೋರ್ಟಿಗೆ ಹೋದದ್ದು ಅಮೆರಿಕದಲ್ಲಿ. 1925ರಲ್ಲಿ ಟೆನೆಸಿ ರಾಜ್ಯದಲ್ಲಿ ವಿಕಾಸವಾದ ಕಲಿಸಿದ ಆರೋಪದ ಮೇಲೆ ಜಾನ್ ಸ್ಕೋಪ್ಸ್ ಎಂಬ ಶಿಕ್ಷಕರಿಗೆ 100 ಡಾಲರ್ ದಂಡ ಬಿತ್ತು. ಇಂಥ ನಿಷೇಧ ಸಂವಿಧಾನಕ್ಕೆ ವಿರುದ್ಧ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1968ರಲ್ಲಿ ಹೇಳಿತು. ಜೀವಿಗಳನ್ನು ದೇವರೇ ಸೃಷ್ಟಿಸಿದ ಎನ್ನುವ ‘ಸೃಷ್ಟಿ ವಿಜ್ಞಾನ’ವನ್ನು ಜೊತೆಗೆ ಕಲಿಸಲೇಬೇಕೆಂಬ ಕಾನೂನನ್ನೂ 1987ರಲ್ಲಿ ತಳ್ಳಿಹಾಕಿತು. ಆಮೇಲೆ ಅದೇ ವಾದ ‘ಇಂಟೆಲಿಜೆಂಟ್ ಡಿಸೈನ್’ (ಬುದ್ಧಿವಂತ ವಿನ್ಯಾಸ) ಎಂಬ ಹೊಸ ಅಂಗಿ ತೊಟ್ಟು ಬಂತು. ಇದನ್ನು ಶಾಲೆಗೆ ತಂದದ್ದರ ವಿರುದ್ಧ ಪೆನ್ಸಿಲ್ವೇನಿಯಾದ ಡೋವರ್ ಊರಲ್ಲಿ ನಡೆದ 2005ರ ಮೊಕದ್ದಮೆಯಲ್ಲಿ ಒಂದು ಪಠ್ಯದ ಹಳೆಯ ಕರಡುಗಳನ್ನು ತೆಗೆದು ನೋಡಿದರೆ, ‘ಸೃಷ್ಟಿ’ ಇದ್ದ ಕಡೆಯೆಲ್ಲ ‘ವಿನ್ಯಾಸ’ ಸೇರಿಸಿದ್ದು ಬಯಲಾಯಿತು. ಇದು ವಿಜ್ಞಾನವಲ್ಲ ಎಂದು ನ್ಯಾಯಾಧೀಶ ಜಾನ್ ಜೋನ್ಸ್ ತೀರ್ಪು ಕೊಟ್ಟರು.

ಆದರೂ ಪೇಲಿಯ ಪ್ರಶ್ನೆಗೆ ನೇರ ಉತ್ತರ ಬೇಕು. ಅದು ನಮ್ಮ ಹುಣಸಗಿ ಹತ್ತಿರದ ಇಸಾಂಪುರದಲ್ಲೇ ಇದೆ ಅಂತ ನನಗನ್ನಿಸುತ್ತದೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರ ತಂಡ ಅಲ್ಲಿ ಉತ್ಖನನ ಮಾಡಿದಾಗ ಸಿಕ್ಕಿದ್ದು ಆದಿಮಾನವರು ಕಲ್ಲಿನ ಆಯುಧ ಮಾಡುತ್ತಿದ್ದ ಜಾಗ. ಸುಣ್ಣಕಲ್ಲಿನ ಚಪ್ಪಡಿ, ಬಡಿಯುವ ಗುಂಡುಕಲ್ಲು, ಸಿಡಿದ ಚಕ್ಕೆ, ಕೈಗೊಡಲಿ, ಎಲ್ಲ ಒಂದೇ ಕಡೆ. ಅಲ್ಲೇ ಸಿಕ್ಕ ಪ್ರಾಣಿಗಳ ಹಲ್ಲು ಪರೀಕ್ಷಿಸಿ, ಸುಮಾರು 12 ಲಕ್ಷ ವರ್ಷ ಹಳೆಯದು ಎಂದು ಲೆಕ್ಕ ಹಾಕಿದ್ದಾರೆ.

ಇದನ್ನು ಯಾರೋ ಮಾಡಿದ್ದಾರೆ ಅಂತ ನಾವು ಹೇಳುವುದು ಕಲ್ಲಿನ ಅಂದ ನೋಡಿ ಅಲ್ಲ. ಬಡಿದ ಕಲ್ಲೂ, ಬಿದ್ದ ಚಕ್ಕೆಯೂ ಪಕ್ಕದಲ್ಲೇ ಇವೆ. ಜೀವಿಯ ಮಾತು ಬೇರೆ. ಕೊಡಲಿ ಮರಿ ಹಾಕುವುದಿಲ್ಲ, ಕುರಿ ಹಾಕುತ್ತದೆ. ಡಾರ್ವಿನ್ ಹೇಳಿದ ದಾರಿ ತೆರೆಯುವುದೇ ಅಲ್ಲಿ. ಇನ್ನೊಂದು ಮಾತು: ನಮ್ಮ ಪ್ರಭೇದದ ಮನುಷ್ಯರು, ಅಂದರೆ ಹೋಮೋ ಸೇಪಿಯನ್ಸ್, ಹುಟ್ಟಿ ಆಗಿರುವುದು ಸುಮಾರು 3 ಲಕ್ಷ ವರ್ಷ. ಹಾಗಾದರೆ ಇಸಾಂಪುರದ ಕೈಗಳು ಯಾರವು? ವಿಕಾಸವಾದ ಬಿಟ್ಟು ಈ ಪ್ರಶ್ನೆಯ ಹತ್ತಿರಕ್ಕೂ ಹೋಗಲಾಗದು.

ನಮ್ಮ ದೇಶದಲ್ಲಿ 2018ರಲ್ಲಿ ಆಗಿನ ಕೇಂದ್ರ ರಾಜ್ಯ ಸಚಿವ ಸತ್ಯಪಾಲ್ ಸಿಂಗ್ ಅವರು ಡಾರ್ವಿನ್ ತಪ್ಪು ಎಂದರು. ವಿಜ್ಞಾನಿಗಳು ಕೂಡಲೇ ವಿರೋಧಿಸಿದರು. ಅದಕ್ಕಿಂತ ದೊಡ್ಡ ನಷ್ಟ ಸದ್ದಿಲ್ಲದೆ ಆಯಿತು. ಮಕ್ಕಳ ಓದಿನ ಹೊರೆ ಇಳಿಸುವ ಹೆಸರಲ್ಲಿ ಕೇಂದ್ರದ ಪಠ್ಯಪುಸ್ತಕ ಸಂಸ್ಥೆ ಎನ್‌ಸಿಇಆರ್‌ಟಿಯ 10ನೇ ತರಗತಿ ಪುಸ್ತಕದಿಂದ ವಿಕಾಸದ ಭಾಗವೇ ಹೋಯಿತು. 2023ರಲ್ಲಿ 1,800ಕ್ಕೂ ಜಾಸ್ತಿ ವಿಜ್ಞಾನಿಗಳು, ಶಿಕ್ಷಕರು ಇದನ್ನು ವಿರೋಧಿಸಿ ಪತ್ರಕ್ಕೆ ಸಹಿ ಹಾಕಿದರು. 12ರ ಜೀವಶಾಸ್ತ್ರದಲ್ಲಿ ಪಾಠ ಉಳಿಯಿತು, ನಿಜ. ಆದರೆ ಹತ್ತು ಮುಗಿಸಿ ಕಾಮರ್ಸ್, ಆರ್ಟ್ಸ್, ಐಟಿಐ ಹಿಡಿಯುವ ಮಕ್ಕಳಿಗೆ ಅದು ಸಿಗುವುದಾದರೂ ಎಲ್ಲಿ? ಆ ಪಾಠ ಹತ್ತರಲ್ಲೇ ಇರಬೇಕು.